ಓಡುವ ಮೊದಲು ನಿಲ್ಲಬೇಕು

ಹಳೆಯ ಮೋಟಾರನ್ನು ಇಟ್ಟುಕೊಂಡವರಿಗೆ ಎರಡು ಬಗೆಯ ಹಿತೈಷಿಗಳು ದೊರೆಯುತ್ತಾರೆ. “ಇದನ್ನು ಇನ್ನೂ ಇಟ್ಟುಕೊಂಡಿದ್ದೀರಾ?” ಎಂದು ನಗುವವರು ಒಂದು ಬಗೆ. “ಏನಾದರಾಗಲಿ, ಇದನ್ನು ಮಾತ್ರ ಮಾರಬೇಡಿ” ಎಂದು ಕೈಹಿಡಿದು ಹೇಳುವವರು ಇನ್ನೊಂದು ಬಗೆ. ಗ್ಯಾರೇಜಿನ ಬಿಲ್ಲು ಬಂದ ದಿನ ಇಬ್ಬರೂ ಕಾಣಸಿಗುವುದಿಲ್ಲ. ಈ ಎರಡು ಉಪದೇಶಗಳ ನಡುವೆ ನಾಲ್ಕು ವರ್ಷ ಒಂದು ಹಳೆಯ ಗಾಡಿಯನ್ನು ಮುಂಬಯಿಯ ರಸ್ತೆಯಲ್ಲಿ ನಡೆಸಿದ ಮೇಲೆ ನಮಗೆ ತಿಳಿದುಬಂದ ಮಾತು ಬೇರೆಯೇ ಒಂದುಂಟು. ಅದನ್ನು ಸಂಘದ ಬಂಧುಗಳ ಮುಂದೆ ಇಡೋಣವೆಂದು ಈ ಬರಹ.

ನಾವು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಕಾರಿನ ಯೋಗ ನಮಗೆ ಬಂದದ್ದು ಸಂಬಳದಿಂದಲ್ಲ, ನಮ್ಮ ಕಾಕಾನ ಕಣ್ಣಿನಿಂದ. ಧಾರವಾಡದಿಂದ ಮುಂಬಯಿಗೆ ಬಂದು ಗಿರಣಿಯ ಕಚೇರಿಯಲ್ಲಿ ದುಡಿದ ಕಾಕಾ 1986ರಲ್ಲಿ ಹಿಂದಿನ ಮಾಲಿಕರ ಕೈಯಿಂದ ಒಂದು ಪ್ರೀಮಿಯರ್ ಪದ್ಮಿನಿ ಕೊಂಡರು. ಅದು 1978ರ ಗಾಡಿ. ಎಂಬತ್ತು ದಾಟಿದ ಮೇಲೆ ಡಾಕ್ಟರರು, “ಇನ್ನು ನೀವು ಗಾಡಿ ನಡೆಸುವಂತಿಲ್ಲ” ಎಂದರು. ಕಾಕಾ ಮರುಮಾತಾಡಲಿಲ್ಲ. ಆ ಸಂಜೆಯೇ ನಮ್ಮನ್ನು ಕರೆಸಿ ಕೀಲಿಯನ್ನು ಅಂಗೈಯಲ್ಲಿಟ್ಟು, “ತಮ್ಮಾ, ಮಾರೂದಿದ್ರ ನನಗ ಹೇಳಬ್ಯಾಡ. ಇಟ್ಕೊಳ್ಳೂದಿದ್ರ ಛಂದಾಗಿ ಇಟ್ಕೋ” ಎಂದರು. ಮಾರುವ ಮನಸ್ಸು ಬರಲಿಲ್ಲ. ‘ಛಂದಾಗಿ’ ಎಂಬ ಮಾತನ್ನು ಮಾತ್ರ ನಾವು ತಪ್ಪಾಗಿ ಅರ್ಥ ಮಾಡಿಕೊಂಡೆವು.

ಈ ಗಾಡಿಯ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಇಟಲಿಯ ಫಿಯಾಟ್ 1100 ಡಿ ಎಂಬ ಮಾದರಿಯನ್ನು 1964ರಿಂದ ನಮ್ಮ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರಖಾನೆ ತಯಾರಿಸತೊಡಗಿತು. ಮುಂದೆ ಪ್ರೆಸಿಡೆಂಟ್ ಎಂದೂ 1974ರಿಂದ ಪದ್ಮಿನಿ ಎಂದೂ ಹೆಸರು ಬದಲಾಯಿತು; ಜನರ ಬಾಯಲ್ಲಿ ಫಿಯಾಟೇ ಉಳಿಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಬಹುಕಾಲ ಇದೇ. ಅಂಥ ಕೊನೆಯ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡದೇವದ ಆರ್.ಟಿ.ಓ. ಕಚೇರಿಯಲ್ಲಿ ದಾಖಲಾಗಿತ್ತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ 30ಕ್ಕೆ ಅವುಗಳ ಋಣ ತೀರಿತು. ಈಗ ಉಳಿದಿರುವುದು ನಮ್ಮಂಥವರ ಮನೆಯ ಮುಂದೆ ನಿಂತಿರುವ ಖಾಸಗಿ ಗಾಡಿಗಳು ಮಾತ್ರ.

ನಾವು ಮಾಡಿದ ಮೊದಲ ತಪ್ಪು

ಕೀಲಿ ಕೈಗೆ ಬಂದ ಕೂಡಲೆ ಆ ವರ್ಷದ ಬೋನಸ್ಸಿನ ಹಣವನ್ನೆಲ್ಲ ಗಾಡಿಯ ಮೈಗೆ ಸುರಿದೆವು. ಡೆಂಟಿಂಗ್ ಆಯಿತು, ಕೆನೆಬಣ್ಣದ ಪೇಂಟು ಆಯಿತು, ಬಂಪರಿಗೆ ಹೊಳಪು ಬಂತು, ಸೀಟಿಗೆ ಹೊಸ ಬಟ್ಟೆ ಬಂತು. ಕಾಲೊನಿಯ ಜನ ನಿಂತು ನೋಡುವಂತಾಯಿತು. ಬ್ರೇಕಿನ ಮಾತು ಬಂದಾಗ ಗ್ಯಾರೇಜಿನವರು, “ಆಯಿಲ್ ಹಾಕಿದ್ದೇವೆ, ಸರಿ ಇದೆ” ಎಂದರು. ಸರಿ ಇದೆ ಎಂದವರ ಮಾತನ್ನು ನಾವು ಸಹಿ ಬಿದ್ದ ಟಿಪ್ಪಣಿಯಂತೆ ನಂಬಿದೆವು.

ಮೂರು ತಿಂಗಳು ಕಳೆದಿತ್ತು. ಒಂದು ಭಾನುವಾರ ಮನೆಯವರನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಮೇಲ್ಸೇತುವೆಯೊಂದನ್ನು ಇಳಿಯುತ್ತಿದ್ದೆವು. ಮುಂದೆ ಸಿಗ್ನಲ್ಲು ಕೆಂಪಾಯಿತು. ಬ್ರೇಕನ್ನು ತುಳಿದರೆ ಪೆಡಲು ಬೆಣ್ಣೆಗೆ ಚುಚ್ಚಿದ ಬೆರಳಿನಂತೆ ನೆಲದವರೆಗೆ ಇಳಿದುಹೋಯಿತು. ಗಾಡಿ ನಿಲ್ಲಲಿಲ್ಲ. ಎರಡು ಮೂರು ಸಲ ಬೇಗಬೇಗ ತುಳಿದೆವು, ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಿದೆವು, ಕೈಬ್ರೇಕನ್ನು ಎಳೆದೆವು. ಮುಂದಿದ್ದ ಟೆಂಪೋದ ಹಿಂಬದಿಗೂ ನಮ್ಮ ಹೊಸ ಬಂಪರಿಗೂ ಒಂದು ಗೇಣು ಉಳಿದಿದ್ದಾಗ ಗಾಡಿ ನಿಂತಿತು.

ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಮುಂದಿನ ಸೀಟಿಗೆ ಬಡಿದು ಅಳುತ್ತಿದ್ದವು, ಪೆಟ್ಟು ದೊಡ್ಡದಲ್ಲ. ನಮ್ಮ ಮನೆಯವರು ಮಕ್ಕಳನ್ನು ತಡವಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನ್ರೀ, ಬಣ್ಣಕ್ಕ ಅಷ್ಟು ರೊಕ್ಕಾ ಹಾಕಿದ್ರಿ. ಬ್ರೇಕಿಗೆ ಎಷ್ಟು ಹಾಕಿದ್ರಿ?” ಎಂದರು. ಕಚೇರಿಯಲ್ಲಿ ಎಂಥ ಪ್ರಶ್ನೆಗೂ ಉತ್ತರ ಬರೆಯುವ ಅಭ್ಯಾಸ ನಮ್ಮದು. ಅಂದು ಉತ್ತರವಿರಲಿಲ್ಲ.

ಮಿಸ್ತ್ರಿಕಾಕಾನ ಪಾಠ

ಒಬ್ಬ ಟ್ಯಾಕ್ಸಿಯವರು ನಮ್ಮನ್ನು ಕುರ್ಲಾದ ಕಡೆಯ ಒಬ್ಬ ಮುದಿ ಮಿಸ್ತ್ರಿಯವರ ಬಳಿಗೆ ಕಳಿಸಿದರು. ವಿಜಾಪುರದ ಕಡೆಯವರು, ಫಿಯಾಟ್ ಟ್ಯಾಕ್ಸಿಗಳ ಹೊಟ್ಟೆಯಲ್ಲೇ ಆಯುಷ್ಯ ಕಳೆದವರು. ನಾವು ಅವರನ್ನು ಮಿಸ್ತ್ರಿಕಾಕಾ ಎನ್ನುತ್ತೇವೆ. ಅವರು ಬಾನೆಟ್ಟನ್ನು ಎತ್ತಲೇ ಇಲ್ಲ. ನಾಲ್ಕೂ ಚಕ್ರ ಬಿಚ್ಚಿಸಿ, ಹಿಂದಿನ ಎಡಚಕ್ರದ ಡ್ರಮ್ಮಿನೊಳಗೆ ಬೆರಳಾಡಿಸಿ ತೋರಿಸಿದರು, ಬೆರಳು ಒದ್ದೆಯಾಗಿತ್ತು. “ಸಾಹೇಬ್ರ, ಗಾಡಿ ಓಡಸೂದು ಯಾರಿಗೂ ಬರತದ. ಮೊದ್ಲ ನಿಲ್ಲೂದು ನೋಡ್ರಿ, ಆಮ್ಯಾಲ ತಿರುಗೂದು, ಆಮ್ಯಾಲ ಕಾಣೂದು. ಓಡೂದು ಎಲ್ಲಾಕ್ಕಿಂತ ಕಡೀಗೆ” ಎಂದರು. ನಾವು ಕಲಿತ ಮೋಟಾರು ಶಾಸ್ತ್ರವೆಲ್ಲ ಈ ಮಾತಿನ ವಿಸ್ತಾರವೇ ಆದ್ದರಿಂದ ಅದೇ ಕ್ರಮದಲ್ಲಿ ಹೇಳುತ್ತೇವೆ.

ನಿಲ್ಲುವುದು

ಇಂದಿನ ಕಾರುಗಳಲ್ಲಿ ಬ್ರೇಕಿನ ಎಣ್ಣೆ ಎರಡು ಬೇರೆ ಬೇರೆ ದಾರಿಗಳಲ್ಲಿ ಹರಿಯುತ್ತದೆ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ನಮ್ಮ ಗಾಡಿಯಲ್ಲಿ ದಾರಿ ಒಂದೇ. ಮಾಸ್ಟರ್ ಸಿಲಿಂಡರಿನಿಂದ ಹೊರಟ ಎಣ್ಣೆ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಎಲ್ಲಿಯಾದರೂ ಒಂದು ಕಡೆ ರಬ್ಬರಿನ ಬಟ್ಟಲು ಸವೆದು ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆಯೇ. ನಮಗಾದದ್ದು ಇದೇ. ಕಡಿಮೆಯಾದ ಎಣ್ಣೆಯನ್ನು ಗ್ಯಾರೇಜಿನವರು ತುಂಬಿಸಿದ್ದರು. ಏಕೆ ಕಡಿಮೆಯಾಯಿತು ಎಂದು ನೋಡಿರಲಿಲ್ಲ. ಬ್ರೇಕಿನ ಎಣ್ಣೆ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಬೇಗ ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ ಎಂದು ತಿಳಿಯಬೇಕು. ಲೈನರು ತೀರ ಸವೆದರೂ ತುಸು ಇಳಿಯುತ್ತದೆ. ಎರಡೂ ಚಕ್ರ ಬಿಚ್ಚಿ ನೋಡಬೇಕಾದ ಕಾರಣಗಳೇ.

ಈ ಎಣ್ಣೆಗೆ ಇನ್ನೊಂದು ಗುಣವುಂಟು: ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ. ಘಟ್ಟ ಇಳಿಯುವಾಗ ಬ್ರೇಕು ಕಾದು ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆಯನ್ನು ಎಷ್ಟು ಒತ್ತಿದರೂ ಅದು ಚಕ್ರವನ್ನು ಹಿಡಿಯುವುದಿಲ್ಲ. ಮುಂಬಯಿಯಂಥ ಕಡಲ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಹಳೆಯ ಎಣ್ಣೆಯನ್ನು ಪೂರ್ತಿ ಹೊರಹಾಕಿ ಹೊಸದನ್ನು ತುಂಬಿಸಲೇಬೇಕು. ಎಂಜಿನ್ ಎಣ್ಣೆಯ ಒಂದು ಹನಿಯೂ ಅಲ್ಲಿ ಬೀಳಬಾರದು. ರಬ್ಬರು ಉಬ್ಬಿ ಕೆಡುತ್ತದೆ.

ನಾವು ಮಾಸ್ಟರ್ ಸಿಲಿಂಡರು, ನಾಲ್ಕು ಚಕ್ರಗಳ ಸಿಲಿಂಡರುಗಳು, ರಬ್ಬರಿನ ಹೋಸುಗಳು, ಲೈನರುಗಳು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದೆವು. ಒಂದನ್ನು ಬದಲಾಯಿಸಿ ಮೂರನ್ನು ಬಿಟ್ಟರೆ ಹೊಸದರ ಒತ್ತಡಕ್ಕೆ ಹಳೆಯದು ಸೋರುತ್ತದೆ ಎಂದು ಮಿಸ್ತ್ರಿಕಾಕಾ ಹಟ ಹಿಡಿದರು. ತುಕ್ಕು ಹಿಡಿದ ಕೊಳವೆಗಳನ್ನೂ ಬಿಡಲಿಲ್ಲ. ಇಲ್ಲೊಂದು ಎಚ್ಚರಿಕೆ: ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಪುಪ್ಪುಸಕ್ಕೆ ಕೇಡು. ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ತಿರುಗುವುದು

ಸ್ಟೀರಿಂಗು ಅರ್ಧ ಸುತ್ತು ತಿರುಗಿದ ಮೇಲೆ ಚಕ್ರ ಅಲುಗುವುದು ಹಳೆಯ ಗಾಡಿಯ ಗುಣವೆಂದು ನಾವು ತಿಳಿದಿದ್ದೆವು. ಅದು ಗುಣವಲ್ಲ, ರೋಗ. ಮುಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಕಿಂಗ್‌ಪಿನ್ನೋ ಬೇರಿಂಗೋ ಸವೆದಿದೆ. ಎಡಬಲ ಹಿಡಿದು ಅಲ್ಲಾಡಿಸಿದಾಗ ಸಡಿಲಿದ್ದರೆ ಟೈ ರಾಡಿನ ಕೀಲುಗಳನ್ನು ನೋಡಬೇಕು. ಈಗಿನ ಕಾರುಗಳಿಗೆ ಗ್ರೀಸು ತುಂಬಿಸುವ ಕೆಲಸವಿಲ್ಲದ್ದರಿಂದ ಹೊಸ ಹುಡುಗರಿಗೆ ಗ್ರೀಸ್ ನಿಪ್ಪಲ್ಲು ಎಲ್ಲಿದೆಯೆಂಬುದೇ ತಿಳಿಯದು. ನಮ್ಮಲ್ಲಿ ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಗ್ರೀಸು ತಪ್ಪುವುದಿಲ್ಲ.

ಟಯರಿನ ವಿಷಯದಲ್ಲಿ ನಾವೂ ಮೋಸಹೋಗಿದ್ದೆವು. ಕಾಕಾ ಹೆಚ್ಚು ಓಡಿಸದ ಗಾಡಿಯಾದ್ದರಿಂದ ಟಯರಿನ ಗೆರೆಗಳು ಆಳವಾಗಿಯೇ ಇದ್ದವು. ಮಿಸ್ತ್ರಿಕಾಕಾ ಟಯರಿನ ಪಕ್ಕೆಯ ನಾಲ್ಕು ಅಂಕಿಗಳನ್ನು ಓದಿಸಿದರು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಟಯರುಗಳಿಗೆ ಹದಿಮೂರು ವರ್ಷವಾಗಿತ್ತು! ರಬ್ಬರು ಓಡಿದರೆ ಸವೆಯುತ್ತದೆ, ನಿಂತರೆ ಗಡುಸಾಗುತ್ತದೆ. ಗಡುಸಾದ ಟಯರು ಮಳೆಯ ರಸ್ತೆಯನ್ನು ಹಿಡಿಯುವುದಿಲ್ಲ. ಆರು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ, ಹತ್ತಾದ ಮೇಲೆ ವಿದಾಯ. ಇದು ನಾವು ಇಟ್ಟುಕೊಂಡ ನಿಯಮ. ಹಳೆಯ ಕಾಲದ ಕ್ರಾಸ್-ಪ್ಲೈ ಟಯರನ್ನೂ ಈಗಿನ ರೇಡಿಯಲ್ಲನ್ನೂ ಒಂದೇ ಗಾಡಿಗೆ ಬೆರೆಸಲೂ ಬಾರದು. ಎರಡರ ನಡೆ ಬೇರೆ. ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ.

ಕಾಣುವುದು, ಕಾಣಿಸುವುದು

ಬಾನೆಟ್ಟಿನ ಕೆಳಗಿನ ವೈರುಗಳು ನಮ್ಮಷ್ಟಲ್ಲ, ನಮಗಿಂತ ಹಿರಿಯವು. ಅವುಗಳ ಹೊದಿಕೆ ಹಪ್ಪಳದಂತೆ ಮುರಿಯುತ್ತಿತ್ತು. ಫ್ಯೂಜಿನ ಜಾಗದಲ್ಲಿ ಯಾರೋ ಪುಣ್ಯಾತ್ಮರು ಸಿಗರೇಟು ಪಾಕೀಟಿನ ಬೆಳ್ಳಿಕಾಗದ ಸುತ್ತಿಟ್ಟಿದ್ದರು. ಫ್ಯೂಜು ಇರುವುದು ವೈರಿಗಿಂತ ಮೊದಲು ತಾನು ಸುಡಲಿಕ್ಕೆ. ಬೆಳ್ಳಿಕಾಗದವಿಟ್ಟರೆ ಮೊದಲು ಸುಡುವುದು ವೈರು, ಆಮೇಲೆ ಗಾಡಿ. ಇಡೀ ವೈರಿಂಗನ್ನು ಹೊಸದಾಗಿ ಎಳೆಸಿದೆವು. ಹೆಡ್‌ಲೈಟಿಗೆ ಹೆಚ್ಚು ಬೆಳಕಿನ ಹ್ಯಾಲೊಜನ್ ಬಲ್ಬು ಹಾಕುವವರು ಜೊತೆಗೆ ರಿಲೇ ಹಾಕಿಸಬೇಕು. ಇಲ್ಲವಾದರೆ ಅಷ್ಟೂ ವಿದ್ಯುತ್ತು ಹಳೆಯ ಸ್ವಿಚ್ಚಿನ ಮೂಲಕವೇ ಹರಿದು ಅದು ಕರಗುತ್ತದೆ.

ನಾವು ಕಾಣುವುದಕ್ಕಿಂತ ಹಿಂದಿನವರಿಗೆ ಕಾಣಿಸುವುದು ಇನ್ನೂ ದೊಡ್ಡ ಮಾತು. ಹಿಂದಿನ ದೀಪಗಳು ಚಿಕ್ಕವು, ಮಂಕು. ಅವುಗಳ ಭೂಸಂಪರ್ಕದ ತುಕ್ಕು ಉಜ್ಜಿ, ಒಳಗಿನ ಪ್ರತಿಫಲಕವನ್ನು ಬೆಳಗಿಸಿ, ಬ್ರೇಕು ತುಳಿದಾಗ ಎರಡೂ ಹೊತ್ತುತ್ತವೆಯೆ ಎಂದು ಗೋಡೆಯ ಮುಂದೆ ನಿಲ್ಲಿಸಿ ವಾರಕ್ಕೊಮ್ಮೆ ನೋಡುವ ಕೆಲಸ ನಮ್ಮ ಮಗನಿಗೆ.

ಸೀಟು ಬೆಲ್ಟಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿಯೇ ರೂಪಿಸಿದರೂ ನಮ್ಮ ದೇಶದಲ್ಲಿ ಕಾರಿನ ಮುಂದಿನ ಸೀಟಿಗೆ ಅದು ಕಡ್ಡಾಯವಾದದ್ದು 1994ರಲ್ಲಿ. 1978ರ ಗಾಡಿಯಲ್ಲಿ ಬೆಲ್ಟೆಲ್ಲಿ ಬರಬೇಕು? ಬೆಲ್ಟು ತಂದು ಸೀಟಿಗೆ ಬೋಲ್ಟು ಮಾಡಿದರೆ ಸಾಲದು. ಪೆಟ್ಟಿನ ಹೊತ್ತಿಗೆ ಸೀಟೇ ಕಿತ್ತು ಬರುತ್ತದೆ. ನೆಲದ ಮತ್ತು ಕಂಬದ ತಗಡಿಗೆ ಹಿಂದಿನಿಂದ ದಪ್ಪ ಉಕ್ಕಿನ ಪಟ್ಟಿ ಕೊಟ್ಟು, ತಿಳಿದವರಿಂದ ಭದ್ರಮಾಡಿಸಬೇಕು. ಅದಕ್ಕೂ ಮೊದಲು ನೆಲಹಾಸನ್ನು ಎತ್ತಿ ಸ್ಕ್ರೂಡ್ರೈವರಿನಿಂದ ತಗಡನ್ನು ಕುಟ್ಟಿ ನೋಡಬೇಕು. ನಮ್ಮ ಗಾಡಿಯಲ್ಲಿ ಹೊಳೆಯುವ ಬಣ್ಣದ ಕೆಳಗೆ ಅಂಗೈಯಗಲ ತುಕ್ಕು ಸಿಕ್ಕಿತು. ಅದನ್ನು ಕತ್ತರಿಸಿ ಹೊಸ ತಗಡು ಕೂಡಿಸಿದ ಮೇಲೆಯೇ ಹಿಂದೆ ಮುಂದೆ ನಾಲ್ಕು ಬೆಲ್ಟು ಬಂದವು.

ಓಡುವುದು

ಎಂಜಿನ್ನಿನ ಬಗ್ಗೆ ಹೇಳಲು ಬಹಳವಿಲ್ಲ. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಬಡಪಾಯಿ. ಸಕಾಲಕ್ಕೆ ಎಣ್ಣೆ, ಪ್ಲಗ್ಗು, ಪಾಯಿಂಟು ನೋಡಿದರೆ ಮುನಿಯುವುದಿಲ್ಲ. ಆದರೆ ಅದಕ್ಕೆ ಉಣಿಸುವ ಪೆಟ್ರೋಲು ಬದಲಾಗಿದೆ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಹಿಂದೆ ಸೀಸವೇ ವಾಲ್ವಿನ ಪೀಠವನ್ನು ಸವೆಯದಂತೆ ಕಾಯುತ್ತಿತ್ತು. ಆದ್ದರಿಂದ ಹೆಡ್ಡು ಬಿಚ್ಚಿದಾಗ ಗಟ್ಟಿ ಉಕ್ಕಿನ ಪೀಠ ಕೂಡಿಸುವುದು ಒಳ್ಳೆಯದು.

ಎರಡನೆಯದು ಎಥನಾಲು. 2023ರಿಂದ ಪಂಪುಗಳಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆತ ಪೆಟ್ರೋಲು ಬರತೊಡಗಿತು. ಇದು ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಬಿರಿಸುತ್ತದೆ, ನೀರನ್ನು ಹೀರುತ್ತದೆ. ಪೆಟ್ರೋಲ್ ಹೋಸುಗಳು, ಪಂಪಿನ ಪೊರೆ, ಕಾರ್ಬುರೇಟರಿನ ಗ್ಯಾಸ್ಕೆಟ್ಟು ಇವೆಲ್ಲ ಎಥನಾಲನ್ನು ತಡೆಯುವ ಬಗೆಯವೇ ಇರಬೇಕು. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಪೆಟ್ರೋಲಿನ ವಾಸನೆ ಬಂದ ದಿನ ಗಾಡಿ ತೆಗೆಯುವಂತಿಲ್ಲ. ಚಾಲಕನ ಸೀಟಿನ ಪಕ್ಕದಲ್ಲಿ ಬೆಂಕಿ ಆರಿಸುವ ಪುಡಿಯ ಸಿಲಿಂಡರು ಸದಾ ಇರಬೇಕು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲು ನಿಲ್ಲಿಸುವುದೂ ಬೇಡ.

ಬಿಸಿಲಿನ ಟ್ರಾಫಿಕ್ಕಿನಲ್ಲಿ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಗಾಡಿ ನಿಲ್ಲುವುದುಂಟು. ಟ್ಯಾಕ್ಸಿಯವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು; ಅದು ಇಂದಿಗೂ ಒಳ್ಳೆಯ ಮದ್ದೇ. ರೇಡಿಯೇಟರು ಕುದಿದಾಗ ಮಾತ್ರ ಅವಸರಪಟ್ಟು ಮುಚ್ಚಳ ತೆರೆಯಬಾರದು. ತಣಿದ ಮೇಲೆಯೇ ತೆರೆಯಬೇಕು.

ನಡೆಸುವವರ ರಿಪೇರಿ

ಗಾಡಿಯನ್ನು ಎಷ್ಟು ಸರಿಮಾಡಿದರೂ ಅದು 1978ರದ್ದೇ. ಮುಂದಿರುವ ಕಾರಿಗೆ ಡಿಸ್ಕ್ ಬ್ರೇಕು, ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ಎಲ್ಲ ಇರುತ್ತವೆ. ಅದು ತಟ್ಟನೆ ನಿಲ್ಲುತ್ತದೆ, ನಾವು ನಿಲ್ಲುವುದಿಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. ವೇಗ ಎರಡುಪಟ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಕುಪಟ್ಟಾಗುತ್ತದೆ. ಗಾಡಿಯಲ್ಲಿಲ್ಲದ ಬ್ರೇಕನ್ನು ನಾವು ರಸ್ತೆಯಲ್ಲಿ ಅಂತರವಾಗಿ ಇಟ್ಟುಕೊಳ್ಳಬೇಕು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ಮೂರು ಸೆಕೆಂಡು ಎಣಿಸಿ ನಾವು ಆ ಕಂಬ ತಲುಪಬೇಕು, ಮಳೆಯಲ್ಲಿ ಐದು. ಆ ಖಾಲಿ ಜಾಗಕ್ಕೆ ರಿಕ್ಷಾ ನುಗ್ಗುತ್ತದೆ ಎನ್ನುವಿರಿ. ನುಗ್ಗಲಿ, ಮತ್ತೆ ಮೂರು ಎಣಿಸಬೇಕು. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಡ್ರಮ್ಮು ಕಾಯುವುದಿಲ್ಲ.

ಕಾಗದಪತ್ರಗಳ ಮಾತು ನಮ್ಮ ಕಸುಬಿನದೇ ಆದರೂ ಚಿಕ್ಕದಾಗಿ ಮುಗಿಸುತ್ತೇವೆ. ಖಾಸಗಿ ಕಾರಿನ ನೋಂದಣಿಯನ್ನು ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ಕೇಂದ್ರ ಸರಕಾರ 2021ರಲ್ಲಿ ವಿಂಟೇಜ್ ಎಂಬ ಬೇರೆ ನೋಂದಣಿ ತಂದಿತು. ಅದನ್ನು ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥವಕ್ಕಲ್ಲದೆ ದಿನನಿತ್ಯಕ್ಕೆ ನಡೆಸುವಂತಿಲ್ಲ. ದಿಲ್ಲಿಯ ಬಂಧುಗಳಿಗೆ ಕತೆ ಬೇರೆ. ಅಲ್ಲಿ ಹದಿನೈದು ವರ್ಷ ಮೀರಿದ ಪೆಟ್ರೋಲು ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಬಂಧ ಹೇರಿದ್ದವು. ಅಂದಿನಿಂದ ಆಜ್ಞೆಗಳು ಬದಲಾಗುತ್ತ ಬಂದಿರುವುದರಿಂದ ಗಾಡಿ ಕೊಳ್ಳುವ ಮೊದಲು ವಿಚಾರಿಸುವುದು ಲೇಸು.

ಗಾಡಿಗೊಂದು ಕಡತವನ್ನೂ ತೆರೆದಿದ್ದೇವೆ. ಯಾವ ತಾರೀಖಿಗೆ ಯಾವ ಭಾಗ ಬದಲಾಯಿತು, ಎಷ್ಟು ಕಿಲೋಮೀಟರು, ಎಷ್ಟು ರೊಕ್ಕ, ಎಲ್ಲವೂ ಅದರಲ್ಲುಂಟು. ಕಚೇರಿಯ ಕಡತಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಈ ಕೆಲಸವೆಲ್ಲ ಮುಗಿಯಲು ಒಂದು ವರ್ಷವೂ ಇನ್ನೊಂದು ಬೋನಸ್ಸೂ ಬೇಕಾಯಿತು.

ಧಾರವಾಡದ ದಾರಿ

ಕಳೆದ ಚಳಿಗಾಲದಲ್ಲಿ ಕಾಕಾ, “ಒಮ್ಮೆ ನನ್ನ ಗಾಡಿಯೊಳಗ ಊರಿಗೆ ಹೋಗಿ ಬರೋಣೇನು?” ಎಂದು ಕೇಳಿದರು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದನ್ನು ನಾವು ನೋಡಿದ್ದೇವೆ; ಕಣ್ಣಿಗೆ ಹಬ್ಬ. ಆದರೆ ಮನೆಯ ಗಾಡಿಗೆ ಮನೆಯವರನ್ನು ಊರು ಮುಟ್ಟಿಸುವ ಕೆಲಸವಿರುತ್ತದಲ್ಲ! ಐನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಎರಡು ದಿನಕ್ಕೆ ಹಂಚಿ, ನಡುವೆ ಕೊಲ್ಲಾಪುರದಲ್ಲಿ ತಂಗುವುದೆಂದು ಗೊತ್ತುಮಾಡಿದೆವು.

ಹೊರಡುವ ಮುಂಜಾನೆ ಕಾಕಾ ಕೋಲು ಊರಿಕೊಂಡು ಅಂಗಳಕ್ಕೆ ಬಂದರು. ನಮ್ಮ ಕೆನೆಬಣ್ಣ ಅವರ ಕಣ್ಣಿಗೆ ಕಾಣುವಂತಿರಲಿಲ್ಲ. ಬಾಗಿಲನ್ನು ಕೈಯಿಂದ ತಡವಿ ತೆರೆದು, ನೇರವಾಗಿ ಚಾಲಕನ ಸೀಟಿನಲ್ಲಿ ಕುಳಿತರು. ನಮ್ಮ ಎದೆ ಧಸಕ್ಕೆಂದಿತು. ಅವರು ಕೀಲಿ ಕೇಳಲಿಲ್ಲ. ಬಲಗಾಲನ್ನು ಬ್ರೇಕಿನ ಮೇಲಿಟ್ಟು ಒಮ್ಮೆ ತುಳಿದರು. ಹಾಗೇ ಒತ್ತಿ ಹಿಡಿದು, ಇಳಿಯುತ್ತದೆಯೋ ಎಂದು ಹತ್ತರವರೆಗೆ ಎಣಿಸಿದರು. ಪೆಡಲು ಅಲುಗಲಿಲ್ಲ.

“ಛಂದ ಇಟ್ಟೀಯೋ ತಮ್ಮಾ” ಎಂದು ಇಳಿದು, ಎಡಗಡೆಯ ಸೀಟಿಗೆ ಹೋಗಿ ಬೆಲ್ಟಿಗಾಗಿ ಕೈಚಾಚಿದರು.